ಮನೆತನದ ಮೋಟಾರು ಬಂಡಿಗಳ ಪಾಲನೆ

ಒಕ್ಕಲುತನದ ಮನೆಗೆ ನೇಗಿಲು, ಕುಂಟೆ, ಕೂರಿಗೆ, ಎತ್ತಿನ ಗಾಡಿ ಇವು ಹೇಗೆ ಅವಶ್ಯವಾದ ಉಪಕರಣಗಳಾಗಿದ್ದವೋ, ಹಾಗೆಯೇ ಮೋಟಾರು ಬಂಡಿಯೂ ಈಗ ಅವಶ್ಯವಾದ ಉಪಕರಣವಾಗಿ ಪರಿಣಮಿಸಿದೆ ಎಂಬುದು ಸರ್ವರಿಗೂ ತಿಳಿದ ಸಂಗತಿಯೇ ಸರಿ. ಗೊಬ್ಬರವನ್ನು ತರುವುದಕ್ಕೂ, ಸೊಪ್ಪು ತರಕಾರಿಗಳನ್ನು ಹೊತ್ತು ಮೂಡುವ ಮೊದಲು ಪೇಟೆಗೆ ಮುಟ್ಟಿಸುವುದಕ್ಕೂ, ಹಸುವಿಗೆ ಕಾಹಿಲೆಯಾದಾಗ ವೈದ್ಯರನ್ನು ಕರೆತರುವುದಕ್ಕೂ ಇದೇ ಸಾಧನ. ಆದರೆ ಎತ್ತಿನ ಗಾಡಿಯ ಪಾಲನೆಯು ತಂದೆಯಿಂದ ಮಗನಿಗೆ ತಾನಾಗಿಯೇ ಬರುತ್ತಿದ್ದಂತೆ ಮೋಟಾರಿನ ಪಾಲನೆಯು ಬರುತ್ತಿಲ್ಲ. ಬಂಡಿಯು ಕೆಟ್ಟಾಗ ಕಾರ್ಖಾನೆಗೆ ಒಯ್ಯುವುದು, ಕೆಲಸವು ತೀರಿದಾಗ ಮರದ ಕೆಳಗೆ ನಿಲ್ಲಿಸಿ ಮರೆಯುವುದು, ಇದೇ ವಾಡಿಕೆಯಾಗಿದೆ. ಹೀಗೆ ನಿಂತ ಬಂಡಿಗಳು ಅನೇಕ ಜಮೀನುದಾರರ ಮನೆಗಳಲ್ಲಿ ಎರಡು, ಮೂರು, ನಾಲ್ಕರವರೆಗೂ ಇರುತ್ತವೆ. ಇವುಗಳನ್ನು ಅಲ್ಪ ವೆಚ್ಚದಲ್ಲಿ ಸುಸ್ಥಿತಿಯಲ್ಲಿಟ್ಟುಕೊಂಡು, ಕೆಲಸಕ್ಕೂ ಸಂತೋಷಕ್ಕೂ ಒದಗಿಸಿಕೊಳ್ಳುವ ಕ್ರಮವನ್ನು ಗ್ರಾಮಗಳ ಮುಖಂಡರಿಗೂ ಭೂಮಾಲೀಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಹುಳಿಮಾವಿನ ದೃಷ್ಟಾಂತ

ಈ ವಿಷಯಕ್ಕೆ ಬೆಂಗಳೂರು ದಕ್ಷಿಣ ತಾಲ್ಲೂಕು ಬೇಗೂರು ಹೋಬಳಿಯ ಹುಳಿಮಾವು ಒಳ್ಳೆಯ ದೃಷ್ಟಾಂತವಾಗಿದೆ. ಬನ್ನೇರುಘಟ್ಟ ರಸ್ತೆಯ ಮೇಲಿರುವ ಈ ಊರಿಗೆ ಮಾವಿನ ಹೆಸರೂ, ಒಂದು ಕೆರೆಯೂ, ಬಂಡೆಯೊಳಗಿನ ಒಂದು ಗುಹಾಂತರ ದೇವಾಲಯವೂ ಉಂಟು. ಹಿಂದೆ ಇಲ್ಲಿಯ ಒಕ್ಕಲಿನ ಬದುಕು ಕೆರೆಯ ಕೆಳಗಿನ ಗದ್ದೆಯನ್ನೂ ಮೇಲಣ ಹೊಲದ ರಾಗಿಯನ್ನೂ ಅವಲಂಬಿಸಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದಾಗ ಈ ಭಾಗವೆಲ್ಲವೂ ನಗರದ ಎಲ್ಲೆಯೊಳಗೆ ಸೇರಿತು. ಹೊಲಗಳು ನಿವೇಶನಗಳಾದವು, ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ರೈಲಿನ ಕಂಬಗಳು ಎದ್ದವು.

ಇಂಥ ಊರುಗಳಲ್ಲಿ ನೇಗಿಲು ನೊಗಗಳು ಅಟ್ಟವನ್ನು ಸೇರಿ ಗೆದ್ದಲಿಗೆ ಆಹಾರವಾದುವು. ಆದರೆ ಜಮೀನಿದ್ದ ಕಾಲದಲ್ಲಿ ಕೊಂಡ ಜೀಪು, ಮೆಟಡಾರ್, ಟಾಟಾ 407 ಲಾರಿ, ಅಂಬಾಸಡರ್ ಅಥವಾ ಮಾರುತಿ 800 ಕಾರು, ಇವುಗಳಲ್ಲಿ ಒಂದೆರಡು ಹಳೆಯ ಮನೆಗಳ ಹಿತ್ತಿಲಿನಲ್ಲಿ ಇನ್ನೂ ನಿಂತಿರುವುದುಂಟು. ಒಕ್ಕಲುತನ ನಡೆದುದಕ್ಕೆ ಆ ಮನೆಯಲ್ಲಿ ಕಣ್ಣಿಗೆ ಕಾಣುವ ಕಡೆಯ ಸಾಕ್ಷಿಗಳು ಇವೇ ಆಗಿವೆ. ಹುಳಿಮಾವಿನಲ್ಲಿ ಈ ದಿನ ಆಗಿರುವುದು ನಗರಕ್ಕೆ ಹತ್ತು ಹರಿದಾರಿ ದೂರವಿರುವ ಗ್ರಾಮಗಳಲ್ಲಿ ನಾಳೆ ಆಗಬಹುದಾದುದರಿಂದ, ಎಲ್ಲ ಭೂಮಾಲೀಕರೂ ಇದನ್ನು ತಮ್ಮ ವಿಷಯವೆಂದೇ ಭಾವಿಸತಕ್ಕದ್ದು.

ಸಾಮಾನ್ಯ ಬಂಡಿಗಳನ್ನು ಏತಕ್ಕೆ ಉಳಿಸಬೇಕು

ರಾಜ ಮಹಾರಾಜರ ಬೆಲೆಬಾಳುವ ಕಾರುಗಳನ್ನು ಕಾಪಾಡುವುದಕ್ಕೆ ಧನವಂತರೂ ವಸ್ತುಸಂಗ್ರಹಾಲಯಗಳೂ ಇವೆ. ಧರ್ಮಸ್ಥಳದ ಹೆಗ್ಗಡೆಯವರ ಮನೆತನವು ಬಹುಕಾಲದಿಂದ ಕೂಡಿಸಿದ ಕಾರುಗಳನ್ನು ಧರ್ಮಸ್ಥಳದಲ್ಲಿಯೂ, ಶ್ರೀರಂಗಪಟ್ಟಣದ ಸಮೀಪದ 'ಪಯಣ' ಎಂಬ ಸಂಗ್ರಹಾಲಯದಲ್ಲಿಯೂ ಜನರು ಹೋಗಿ ನೋಡಬಹುದು. ಆದರೆ ಟೊಮೇಟೊ ಹೊತ್ತ ಲಾರಿಯನ್ನೂ, ಮದುವೆಗೆ ಹನ್ನೆರಡು ಜನರನ್ನು ತುಂಬಿಕೊಂಡು ಹೋದ ಮೆಟಡಾರನ್ನೂ ಕಾಪಾಡುವವರು ವಿರಳ. ಲಕ್ಷಾಂತರವಾಗಿ ತಯಾರಾದ ವಸ್ತುವೆಂದು ಯಾರೂ ಗಮನಿಸದೆ, ಒಂದು ದಿನ ನೋಡಿದರೆ ಒಂದೂ ಉಳಿದಿರುವುದಿಲ್ಲ.

ಈ ಬಂಡಿಗಳಿಗೆ ತಕ್ಕ ಚರಿತ್ರೆಯೂ ಉಂಟು. ನಮ್ಮ ನಾಡಿನಲ್ಲಿಯೇ ಮೋಟಾರು ಕಾರ್ಖಾನೆಯನ್ನು ಕಟ್ಟಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಬಹಳವಾಗಿ ಶ್ರಮಿಸಿದರು. ಅದು ಇಲ್ಲಿ ಕೈಗೂಡಲಿಲ್ಲ. ಆ ಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿಯನ್ನು ಸ್ಥಾಪಿಸಿದರು. ಮುಂದೆ ನಮ್ಮ ರಸ್ತೆಗಳಲ್ಲೆಲ್ಲಾ ಓಡಾಡಿದ ಪದ್ಮಿನಿ ಕಾರು ಆ ಕಂಪನಿಯದೇ. ಅಂಬಾಸಡರು 1957ರಲ್ಲಿ ಮೊದಲಾಗಿ 2014ರಲ್ಲಿ ನಿಂತಿತು. ಟಾಟಾ ಕಂಪನಿಯವರು ಜರ್ಮನಿಯ ಕಂಪನಿಯೊಡನೆ ಸೇರಿ 1954ರಲ್ಲಿ ಲಾರಿಗಳನ್ನು ತಯಾರಿಸತೊಡಗಿದರು. 407 ಎಂಬ ಚಿಕ್ಕ ಲಾರಿಯು 1986ರಲ್ಲಿ ಬಂದಿತು. ಮಾರುತಿ 800 ಎಂಬುದು 1983ರ ಡಿಸೆಂಬರಿನಲ್ಲಿ ಬಂದು 2014ರ ಆರಂಭದಲ್ಲಿ ನಿಂತಿತು. ಡೀಸೆಲ್ ಲಾರಿಗಳ ಇಂಧನ ಪಂಪುಗಳನ್ನು ತಯಾರಿಸುವುದಕ್ಕೆಂದು ಮೈಕೋ ಕಾರ್ಖಾನೆಯು 1950ರ ದಶಕದಲ್ಲಿ ನೆಲೆಸಿದುದು ಹುಳಿಮಾವಿಗೆ ದೂರವಲ್ಲದ ಆಡುಗೋಡಿಯಲ್ಲಿಯೇ. ಆದುದರಿಂದ ಹಿತ್ತಿಲಿನ ಹಳೆಯ ಲಾರಿಯಲ್ಲಿ ನಮ್ಮ ಊರಿನವರ ಕೈಕೆಲಸವೂ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಎಷ್ಟು ಬಂಡಿಗಳನ್ನು ಇಟ್ಟುಕೊಳ್ಳಬಹುದು

ಮೇವಿಲ್ಲದವನು ಹತ್ತು ದನಗಳನ್ನು ಕಟ್ಟಿದರೆ ಹತ್ತೂ ಬಡಕಲಾಗುತ್ತವೆ. ಮೋಟಾರಿಗೂ ಇದೇ ನ್ಯಾಯ. ಅದರ ಮೇವು ಬರಿಯ ಎಣ್ಣೆಯಲ್ಲ, ಮನುಷ್ಯನ ಹೊತ್ತು. ಒಂದು ಹಳೆಯ ಬಂಡಿಗೆ ವಾರಕ್ಕೆ ಒಂದು ಗಂಟೆಯಾದರೂ ಬೇಕು: ಅರ್ಧ ಗಂಟೆ ನೋಡುವುದಕ್ಕೆ, ಅರ್ಧ ಗಂಟೆ ಓಡಿಸುವುದಕ್ಕೆ. ಮನೆಯಲ್ಲಿ ಇಬ್ಬರು ಭಾನುವಾರದ ಬೆಳಗಿನ ಹೊತ್ತನ್ನು ಇದಕ್ಕೆ ಕೊಡಬಲ್ಲವರಾದರೆ ನಾಲ್ಕು ಬಂಡಿಗಳವರೆಗೆ ನಿರ್ವಹಿಸಬಹುದು. ಕೊಡುವವರು ಯಾರೂ ಇಲ್ಲದಿದ್ದರೆ ಒಂದೂ ಹೆಚ್ಚೇ.

ಆದುದರಿಂದ ಮೊದಲು ಮಾಡತಕ್ಕ ಕೆಲಸವೆಂದರೆ ಎಣಿಕೆ. ಓಡಬಲ್ಲವು, ರಿಪೇರಿಯಿಂದ ಓಡಬಲ್ಲವು, ಇನ್ನು ಓಡಲಾರದವು ಎಂದು ಮೂರು ಪಂಗಡ ಮಾಡತಕ್ಕದ್ದು. ಮೂರನೆಯ ಪಂಗಡದ ಬಂಡಿಯನ್ನು ಮಮತೆಯಿಂದ ಇಟ್ಟುಕೊಂಡರೆ ಅದು ಇಲಿ ಹಾವುಗಳಿಗೆ ಮನೆಯಾಗುವುದೇ ಹೊರತು ಬೇರೆ ಪ್ರಯೋಜನವಿಲ್ಲ. ಅದೇ ಜಾತಿಯ ಇನ್ನೊಂದು ಬಂಡಿ ಮನೆಯಲ್ಲಿದ್ದರೆ ಉಪಯುಕ್ತವಾದ ಭಾಗಗಳನ್ನು ತೆಗೆದಿಟ್ಟುಕೊಂಡು, ಉಳಿದುದನ್ನು ನೋಂದಣಿ ರದ್ದು ಮಾಡಿಸಿ ಅಧಿಕೃತ ಗುಜರಿ ಕೇಂದ್ರಕ್ಕೆ ಕೊಡತಕ್ಕದ್ದು. ಹೀಗೆ ಕೊಡುವುದು ಅಗೌರವವಲ್ಲ. ಉಳಿದ ಮೂರನ್ನು ಬದುಕಿಸುವ ಉಪಾಯ.

ಬಂಡಿಯ ಕೊಟ್ಟಿಗೆ

ಬಂಡಿಗೆ ಮೇಲೆ ಮಾಡೂ, ಕೆಳಗೆ ಒಣನೆಲವೂ, ಸುತ್ತಲೂ ಗಾಳಿಯೂ ಬೇಕು. ಹಸಿಮಣ್ಣಿನ ಅಥವಾ ಹುಲ್ಲಿನ ಮೇಲೆ ನಿಂತ ಬಂಡಿಗೆ ಕೆಳಗಿನಿಂದ ತೇವವೇರಿ ತಳದ ತಗಡು ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯು ಮಳೆಯನ್ನು ತಡೆದರೂ ಒಳಗಿನ ಆವಿಯನ್ನು ಹೊರಕ್ಕೆ ಬಿಡುವುದಿಲ್ಲವಾದುದರಿಂದ, ಮಾಡಿನ ಕೆಳಗೆ ದಪ್ಪ ಹತ್ತಿಬಟ್ಟೆಯ ಹೊದಿಕೆಯೇ ಲೇಸು.

ಒಕ್ಕಲಿಗರು ವಿಶೇಷವಾಗಿ ನೆನಪಿಡಬೇಕಾದ ಸಂಗತಿಗಳು ನಾಲ್ಕು. ಮೊದಲನೆಯದು: ಯೂರಿಯಾ, ಪೊಟ್ಯಾಷ್ ಮೊದಲಾದ ಗೊಬ್ಬರದ ಮೂಟೆಗಳನ್ನು ಬಂಡಿಯ ಕೊಟ್ಟಿಗೆಯಲ್ಲಿಡಕೂಡದು. ಇವು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಗೊಬ್ಬರ ಹೊತ್ತ ಲಾರಿಯ ತೊಟ್ಟಿಯನ್ನು ಅದೇ ದಿನ ನೀರಿನಿಂದ ತೊಳೆದು ಒಣಗಿಸತಕ್ಕದ್ದು. ಎರಡನೆಯದು: ದನದ ಕೊಟ್ಟಿಗೆಯೊಳಗೆ ಬಂಡಿಯನ್ನು ನಿಲ್ಲಿಸಕೂಡದು. ಗಂಜಳದಿಂದ ಏಳುವ ಅಮೋನಿಯಾ ಎಂಬ ಘಾಟಿನ ಅನಿಲವು ತಾಮ್ರ, ಹಿತ್ತಾಳೆಗಳನ್ನು ಕೆಡಿಸುವುದರಿಂದ ವಿದ್ಯುತ್ ತಂತಿಗಳ ಕೂಡುಗಳು ಹಸಿರುಗಟ್ಟುತ್ತವೆ. ಮೂರನೆಯದು: ಕಾಳಿನ ಕಣಜದ ಪಕ್ಕದಲ್ಲಿ ಬಂಡಿಯಿದ್ದರೆ ಇಲಿಗಳು ರಾತ್ರಿ ಇಂಜಿನಿನ ಬೆಚ್ಚನೆಯ ಜಾಗಕ್ಕೆ ಬಂದು ತಂತಿಗಳನ್ನು ಕಡಿಯುತ್ತವೆ. ನಾಲ್ಕನೆಯದು: ಹುಲ್ಲಿನ ಬಣವೆಯ ಹತ್ತಿರ, ಅಥವಾ ಒಕ್ಕಣೆಯ ಹುಲ್ಲು ಹರಡಿದ ಕಡೆ, ಬಿಸಿ ಹೊಗೆಕೊಳವೆಯ ಬಂಡಿಯನ್ನು ನಿಲ್ಲಿಸಿದರೆ ಬೆಂಕಿಯ ಅಪಾಯವಿದೆ.

ಓಡಿಸುವ ಕ್ರಮ

ನಿಂತ ಬಂಡಿಯ ಇಂಜಿನನ್ನು ದಿನವೂ ಐದು ನಿಮಿಷ ಚಾಲನೆ ಮಾಡಿ ನಿಲ್ಲಿಸಿದರೆ ಸಾಕೆಂದು ಅನೇಕರು ನಂಬಿರುತ್ತಾರೆ. ಇದು ಒಳ್ಳೆಯದಕ್ಕೆ ಬದಲಾಗಿ ಕೆಡಕನ್ನೇ ಮಾಡುತ್ತದೆ. ಹೇಗೆಂದರೆ, ಪೆಟ್ರೋಲು ಅಥವಾ ಡೀಸೆಲು ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಇಂಜಿನು ತಣ್ಣಗಿದ್ದರೆ ಆ ಆವಿಯು ಒಳಗೋಡೆಗಳ ಮೇಲೆಯೂ ಹೊಗೆಕೊಳವೆಯಲ್ಲಿಯೂ ನೀರಾಗಿ ನಿಂತು, ಎಣ್ಣೆಯನ್ನು ಹುಳಿಮಾಡಿ, ಲೋಹವನ್ನು ಕೊರೆಯುತ್ತದೆ. ಐದು ನಿಮಿಷದ ಚಾಲನೆಯಿಂದ ಬ್ಯಾಟರಿಯು ಕಳೆದುಕೊಂಡ ಶಕ್ತಿಯೂ ತುಂಬುವುದಿಲ್ಲ.

ಸರಿಯಾದ ಕ್ರಮವೆಂದರೆ, ವಾರಕ್ಕೊಮ್ಮೆ, ತಪ್ಪಿದರೆ ಹದಿನೈದು ದಿನಗಳಿಗೊಮ್ಮೆ, ಬಂಡಿಯನ್ನು ರಸ್ತೆಯ ಮೇಲೆ 15ರಿಂದ 20 ಕಿಲೋಮೀಟರು ದೂರ ಓಡಿಸತಕ್ಕದ್ದು. ಆಗ ಇಂಜಿನಿನ ಎಣ್ಣೆಯು ಚೆನ್ನಾಗಿ ಕಾದು ಒಳಗಿನ ತೇವವು ಹೊರಟುಹೋಗುತ್ತದೆ. ಬ್ರೇಕು, ಕ್ಲಚ್ಚು, ಗೇರುಗಳು ಒಂದು ಸಲ ಕೆಲಸ ಮಾಡುತ್ತವೆ. ಟಯರು ನಿಂತಲ್ಲಿಯೇ ಚಪ್ಪಟೆಯಾಗುವುದು ತಪ್ಪುತ್ತದೆ. ಹುಳಿಮಾವಿನಂಥ ಜನನಿಬಿಡ ಊರಿನಲ್ಲಿ ಬೆಳಗ್ಗೆ ಆರು ಗಂಟೆಗೆ ಹೊರಟು ಬನ್ನೇರುಘಟ್ಟದ ಚಂಪಕಧಾಮಸ್ವಾಮಿ ದೇವಸ್ಥಾನದವರೆಗೆ ಹೋಗಿಬಂದರೆ ಅಳತೆಗೆ ಸರಿಹೋಗುತ್ತದೆ. ಸಂದಣಿಯಲ್ಲಿ ನಿಂತು ನಿಂತು ಸಾಗುವ ಹತ್ತು ಕಿಲೋಮೀಟರಿಗಿಂತ ತೆರವಾದ ರಸ್ತೆಯ ಐದು ಕಿಲೋಮೀಟರು ಹಳೆಯ ಇಂಜಿನಿಗೆ ಹಿತ.

ಎಣ್ಣೆ, ನೀರು, ಕೀಲೆಣ್ಣೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ನಮ್ಮ ಹಿರಿಯರು ಊರ ಗಡಿಯನ್ನು ದಾಟುತ್ತಿರಲಿಲ್ಲ. ಹಳೆಯ ಮೋಟಾರುಗಳಿಗೂ ಅದೇ ಸೇವೆ ಬೇಕು. ಜೀಪಿನ ಪಟ್ಟೆಸ್ಪ್ರಿಂಗಿನ ಕೀಲುಗಳು, ಲಾರಿಯ ನಡುದಂಡದ ಕೂಡುಗಳು, ಅಂಬಾಸಡರಿನ ಮುಂಗಾಲಿಯ ಕೀಲುಗಳು, ಇವುಗಳಿಗೆ ಗ್ರೀಸು ತುಂಬುವ ಮೊಲೆಗಳು ಇರುತ್ತವೆ. ಮೊದಲು ಮೊಲೆಯನ್ನು ಬಟ್ಟೆಯಿಂದ ಒರೆಸಿ, ಹಳೆಯ ಗ್ರೀಸು ಹೊರಕ್ಕೆ ಬಂದು ಹೊಸದು ಕಾಣುವವರೆಗೆ ಗ್ರೀಸುಗನ್ನಿನಿಂದ ತುಂಬತಕ್ಕದ್ದು. ಕೆಸರಿನಲ್ಲಿ ಓಡಿದ ಬಂಡಿಗೆ ಇದನ್ನು ಕೂಡಲೇ ಮಾಡುವುದು ಉತ್ತಮ. ಮಾರುತಿ 800ರಂಥ ಮುಂದಣ ಕಾಲದ ಕಾರುಗಳಲ್ಲಿ ಇಂಥ ಮೊಲೆಗಳು ಸಾಮಾನ್ಯವಾಗಿ ಇಲ್ಲ. ಅಲ್ಲಿ ರಬ್ಬರಿನ ಮುಸುಕುಗಳು ಹರಿಯದಂತೆ ನೋಡಿಕೊಂಡರೆ ಸಾಕು.

ಇಂಜಿನಿನ ಎಣ್ಣೆಯನ್ನು, ಬಂಡಿ ಸ್ವಲ್ಪವೇ ಓಡಿದ್ದರೂ, ವರ್ಷಕ್ಕೊಮ್ಮೆ ಬದಲಿಸತಕ್ಕದ್ದು. ಆಯುಧಪೂಜೆಗೆ ಮುಂಚೆ ಈ ಕೆಲಸವನ್ನಿಟ್ಟುಕೊಂಡರೆ ಮರೆಯುವ ಸಂಭವವಿಲ್ಲ. ಎಣ್ಣೆಯಲ್ಲಿ ಬೆಳ್ಳಗಿನ ಮಜ್ಜಿಗೆಯಂಥ ನೊರೆ ಕಂಡರೆ ನೀರು ಸೇರಿದೆಯೆಂದು ತಿಳಿದು ಪರೀಕ್ಷೆ ಮಾಡಿಸತಕ್ಕದ್ದು.

ರೇಡಿಯೇಟರಿಗೆ ಕೊಳವೆಬಾವಿಯ ನೀರನ್ನು ಹಾಕುವುದು ನಮ್ಮಲ್ಲಿ ಬಹಳವಾಗಿ ಕಾಣುವ ದೋಷ. ಕಾಫಿ ಕಾಸುವ ಪಾತ್ರೆಯಲ್ಲಿ ಬಿಳಿಯ ಹೊಪ್ಪಳೆ ಕಟ್ಟುವಂತೆ ಈ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರವನ್ನು ಕಟ್ಟಿ, ಇಂಜಿನು ಕುದಿಯುವಂತೆ ಮಾಡುತ್ತದೆ. ಬಟ್ಟಿಯಿಳಿಸಿದ ನೀರಿನೊಡನೆ ಕೂಲೆಂಟ್ ದ್ರವವನ್ನು ಅದರ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರಸಿ ಹಾಕತಕ್ಕದ್ದು. ಆದರೆ ಎಚ್ಚರಿಕೆ: ಈ ದ್ರವವು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲಿನಿಂದ ಆದುದು, ರುಚಿಯಲ್ಲಿ ಸಿಹಿ, ಗುಣದಲ್ಲಿ ಘೋರವಾದ ವಿಷ. ನೆಲದ ಮೇಲೆ ಚೆಲ್ಲಿದುದನ್ನು ನಾಯಿಯೋ ಕರುವೋ ನೆಕ್ಕಿದರೆ ಪ್ರಾಣಹಾನಿಯಾಗುತ್ತದೆ. ಮಕ್ಕಳ ಕೈಗೂ ಸಿಕ್ಕದಂತೆ ಇಡತಕ್ಕದ್ದು.

ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ, ಬಾವಿಯ ಬಳಿಗೆ, ಬೇಲಿಯ ಬುಡಕ್ಕೆ ಸುರಿಯುವ ಪದ್ಧತಿಯನ್ನು ಗ್ರಾಮಗಳ ಮುಖಂಡರು ಖಂಡಿತವಾಗಿ ನಿಲ್ಲಿಸಬೇಕು. ರಾಜಕಾಲುವೆಯು ಕೊನೆಗೆ ಸೇರುವುದು ಕೆರೆಯನ್ನೇ. ನೀರಿನ ಮೇಲೆ ತೆಳುವಾಗಿ ಹರಡಿದ ಎಣ್ಣೆಯು ಗಾಳಿಯನ್ನು ತಡೆದು ಮೀನುಗಳನ್ನು ಕೊಲ್ಲುತ್ತದೆ. ಹಳೆಯ ಎಣ್ಣೆಯನ್ನು ಮುಚ್ಚಳವುಳ್ಳ ಡಬ್ಬದಲ್ಲಿ ಕೂಡಿಸಿಟ್ಟು, ಅದನ್ನು ಶುದ್ಧಿಮಾಡುವ ಅಧಿಕೃತ ಸಂಸ್ಥೆಗೆ ಮುಟ್ಟಿಸುವ ಕಾರ್ಖಾನೆಯವರಿಗೆ ಒಪ್ಪಿಸತಕ್ಕದ್ದು.

ಪೆಟ್ರೋಲು ಮತ್ತು ಡೀಸೆಲು

ಪೆಟ್ರೋಲಿನಲ್ಲಿ ಈಗ ಕಬ್ಬು, ಮುಸುಕಿನ ಜೋಳ ಮುಂತಾದ ಬೆಳೆಗಳಿಂದ ತೆಗೆದ ಎಥನಾಲ್ ಬೆರೆತಿರುತ್ತದೆ. ಶೇಕಡಾ 20ರಷ್ಟು ಬೆರಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಬಿಡುಗಡೆಯಾಗಿ, ನಂತರ ದೇಶದಲ್ಲೆಲ್ಲಾ ಹರಡಿತು. ಬೆಳೆಗಾರರಿಗೆ ಇದರಿಂದ ಹೊಸ ಮಾರುಕಟ್ಟೆ ದೊರೆತಿದೆ. ಆದರೆ ಎಥನಾಲಿಗೆ ಎರಡು ಗುಣಗಳುಂಟು: ಗಾಳಿಯ ತೇವವನ್ನು ಹೀರುವುದು, ಹಳೆಯ ಜಾತಿಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುವುದು. ಪದ್ಮಿನಿ, ಅಂಬಾಸಡರ್ ಮೊದಲಾದವು ಈ ಮಿಶ್ರಣಕ್ಕೆಂದು ರೂಪಿಸಿದವಲ್ಲ. ಆದುದರಿಂದ ಹಳೆಯ ಪೆಟ್ರೋಲು ಕಾರುಗಳ ರಬ್ಬರು ಕೊಳವೆಗಳನ್ನೂ, ಪಂಪಿನ ಪೊರೆಯನ್ನೂ, ಕಾರ್ಬ್ಯುರೇಟರಿನ ಬಿಲ್ಲೆಗಳನ್ನೂ ಎಥನಾಲನ್ನು ತಡೆಯಬಲ್ಲ ಹೊಸ ಜಾತಿಯವುಗಳಿಂದ ಬದಲಿಸತಕ್ಕದ್ದು. ಇಂಜಿನಿನ ಬಳಿ ಪೆಟ್ರೋಲಿನ ವಾಸನೆ ಬಂದರೆ ಬಂಡಿಯನ್ನು ಚಾಲನೆ ಮಾಡದೆ ಮೊದಲು ಸೋರಿಕೆಯನ್ನು ಹುಡುಕತಕ್ಕದ್ದು.

ಒಂದು ತಿಂಗಳಿಗೆ ಮೀರಿ ನಿಲ್ಲಿಸಬೇಕಾದಾಗ ಪೆಟ್ರೋಲು ತೊಟ್ಟಿಯನ್ನು ಅರ್ಧಂಬರ್ಧ ಬಿಡಕೂಡದು. ತುಂಬಿಸಿದರೆ ತೇವದ ಗಾಳಿಗೆ ಅವಕಾಶವಿರುವುದಿಲ್ಲ. ಆರು ತಿಂಗಳಿಗೆ ಮೀರಿ ನಿಲ್ಲುವುದಾದರೆ ಪೂರ್ತಿ ಬರಿದು ಮಾಡಿ, ಕಾರ್ಬ್ಯುರೇಟರಿನ ಬಟ್ಟಲನ್ನೂ ಒಣಗಿಸುವುದು ಲೇಸು. ಇಲ್ಲವಾದರೆ ಹಳಸಿದ ಪೆಟ್ರೋಲು ಅಂಟಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ.

ಡೀಸೆಲ್ ಬಂಡಿಗೆ ಶತ್ರುಗಳು ನೀರು ಮತ್ತು ಧೂಳು. ಇಂಧನ ಪಂಪಿನ ಭಾಗಗಳು ಕೂದಲೆಳೆಗಿಂತಲೂ ಸೂಕ್ಷ್ಮವಾದ ಅಂತರದಲ್ಲಿ ಚಲಿಸತಕ್ಕವು. ಸೋಸುಕದ ತಳದಲ್ಲಿ ನಿಂತ ನೀರನ್ನು ತಿಂಗಳಿಗೊಮ್ಮೆ ತಿರುಪು ಸಡಿಲಿಸಿ ಹೊರಕ್ಕೆ ಬಿಡತಕ್ಕದ್ದು. ಡೀಸೆಲು ಪೂರ್ತಿ ಮುಗಿಯುವವರೆಗೆ ಓಡಿಸಿದರೆ ಕೊಳವೆಯೊಳಗೆ ಗಾಳಿ ಸೇರಿ, ಆಮೇಲೆ ಎಷ್ಟು ತುಂಬಿಸಿದರೂ ಇಂಜಿನು ಹಿಡಿಯುವುದಿಲ್ಲ. ಆಗ ಕೈಪಂಪನ್ನು ಒತ್ತಿ, ಗುಳ್ಳೆಗಳು ನಿಲ್ಲುವವರೆಗೆ ಗಾಳಿಯನ್ನು ಹೊರಗೆಡಹಬೇಕು.

ಬ್ಯಾಟರಿ, ಟಯರು, ಬ್ರೇಕು

ನಿಂತ ಬಂಡಿಯಲ್ಲಿ ಮೊದಲು ಸಾಯುವುದು ಬ್ಯಾಟರಿ. ಪೂರ್ಣಶಕ್ತಿಯ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಬರಿದಾಗಿದೆಯೆಂದು ತಿಳಿಯತಕ್ಕದ್ದು. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಗಟ್ಟಿಯಾದ ಬಿಳಿಯ ಪದರ ಕಟ್ಟಿ ಮತ್ತೆ ಶಕ್ತಿ ತುಂಬದು. ಬಂಡಿಯನ್ನು ಬಹುದಿನ ನಿಲ್ಲಿಸುವಾಗ ಋಣ ತುದಿಯ ತಂತಿಯನ್ನು ಬಿಚ್ಚಿಡತಕ್ಕದ್ದು. ಒಳಕ್ಕೆ ಬಟ್ಟಿಯಿಳಿಸಿದ ನೀರನ್ನು ಮಾತ್ರ ಹಾಕಬೇಕು. ಶಕ್ತಿ ತುಂಬುವಾಗ ಬೇಗನೆ ಹೊತ್ತಿಕೊಳ್ಳುವ ಜಲಜನಕ ಅನಿಲವು ಹೊರಡುವುದರಿಂದ ಹತ್ತಿರದಲ್ಲಿ ಬೀಡಿ, ದೀಪ, ಊದುಬತ್ತಿಗಳು ಕೂಡದು.

ಟಯರಿನ ಸವೆತವನ್ನಷ್ಟೇ ಅಲ್ಲದೆ ವಯಸ್ಸನ್ನೂ ನೋಡತಕ್ಕದ್ದು. ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕೆಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕಡೆಯೆರಡು ವರ್ಷವನ್ನೂ ತಿಳಿಸುತ್ತವೆ. 2318 ಎಂದಿದ್ದರೆ 2018ರ 23ನೆಯ ವಾರ. ಪಕ್ಕಗಳಲ್ಲಿ ಬಿರುಕು ಬಿಟ್ಟ ಟಯರು ನೋಡುವುದಕ್ಕೆ ದಪ್ಪವಾಗಿದ್ದರೂ ನಂಬತಕ್ಕದ್ದಲ್ಲ. ಕಾರು ಲಾರಿಗಳಿಗೆ ಕಾನೂನಿನಂತೆ ಕನಿಷ್ಠ 1.6 ಮಿಲಿಮೀಟರು ಗೀರಿನ ಆಳವಿರಬೇಕು.

ಬ್ರೇಕಿನ ದ್ರವವೂ ತೇವವನ್ನು ಹೀರತಕ್ಕದ್ದು. ತೇವ ಹೀರಿದ ದ್ರವವು ಇಳಿಜಾರಿನಲ್ಲಿ ಬ್ರೇಕು ಕಾದಾಗ ಕುದಿದು, ಕಾಲಿಟ್ಟರೆ ಹಿಡಿಯದಂತಾಗುತ್ತದೆ. ಆದುದರಿಂದ ಎರಡು ವರ್ಷಗಳಿಗೊಮ್ಮೆ ಇದನ್ನು ಬದಲಿಸತಕ್ಕದ್ದು. ಯಾವ ಕಾರಣಕ್ಕೂ ಇಂಜಿನಿನ ಎಣ್ಣೆಯನ್ನು ಇದರಲ್ಲಿ ಬೆರಸಕೂಡದು. ಬಹುದಿನ ನಿಲ್ಲಿಸುವಾಗ ಕೈಬ್ರೇಕನ್ನು ಎಳೆದಿಡದೆ, ಚಕ್ರಗಳಿಗೆ ಮರದ ತಡೆಗಳನ್ನು ಕೊಟ್ಟರೆ ಬ್ರೇಕು ಅಂಟಿಕೊಳ್ಳುವುದಿಲ್ಲ.

ನೀರಿನಲ್ಲಿ ಮುಳುಗಿದ ಬಂಡಿ

2019ನೆಯ ಇಸವಿ ನವೆಂಬರ್ 24ರ ಭಾನುವಾರ ಹುಳಿಮಾವು ಕೆರೆಯ ಏರಿ ಒಡೆದು, ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿತು. ನೂರಾರು ಮನೆಗಳವರು ನೆಲೆ ತಪ್ಪಿದರು. ಅನೇಕ ಕಾರು ಬೈಸಿಕಲ್ಲುಗಳು ನಿಂತಲ್ಲಿಯೇ ಮುಳುಗಿದುವು. ಕೆರೆಯ ಕೆಳಗೆ ವಾಸಿಸುವವರೆಲ್ಲರಿಗೂ ಇದು ಪಾಠವಾಗಿರತಕ್ಕದ್ದು.

ಮುಳುಗಿದ ಬಂಡಿಯನ್ನು ಕಂಡ ಕೂಡಲೇ ಮನುಷ್ಯನಿಗೆ ತೋರುವ ಮೊದಲನೆಯ ಆಸೆ ಅದನ್ನು ಚಾಲನೆ ಮಾಡಿ ನೋಡಬೇಕೆಂಬುದು. ಅದನ್ನೇ ಮಾಡಕೂಡದು. ಗಾಳಿಯಂತೆ ನೀರು ಒತ್ತಡಕ್ಕೆ ಕುಗ್ಗುವುದಿಲ್ಲ. ಇಂಜಿನಿನ ಉರುಳೆಯಲ್ಲಿ ನೀರಿದ್ದಾಗ ತಿರುಗಿಸಿದರೆ ಒಳಗಿನ ದಂಡಗಳು ಬಾಗುತ್ತವೆ. ಉಳಿಯಬಹುದಾಗಿದ್ದ ಇಂಜಿನು ಒಂದು ಕ್ಷಣದಲ್ಲಿ ನಾಶವಾಗುತ್ತದೆ. ಮಾಡತಕ್ಕ ಕ್ರಮವು ಹೀಗಿದೆ: ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿ, ಬಂಡಿಯನ್ನು ತಳ್ಳಿಯೇ ಒಣನೆಲಕ್ಕೆ ತರುವುದು. ಚಿತ್ರ ತೆಗೆದುಕೊಂಡು ವಿಮೆಯ ಕಂಪನಿಗೆ ತಿಳಿಸುವುದು. ಗಾಳಿಯ ಸೋಸುಕವನ್ನೂ, ಪೆಟ್ರೋಲು ಬಂಡಿಯಾದರೆ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲು ಬಂಡಿಯಾದರೆ ಇಂಜೆಕ್ಟರುಗಳನ್ನೂ ತೆಗೆದು, ಇಂಜಿನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೀರನ್ನು ಹೊರಗೆಡಹುವುದು. ಇಂಜಿನು, ಗೇರು, ಹಿಂದಿನ ಅಚ್ಚು, ಇವುಗಳ ಎಣ್ಣೆಗಳನ್ನೆಲ್ಲಾ ಬದಲಿಸುವುದು. ಅದಾದ ಮೇಲೆಯೇ ಚಾಲನೆ. ವಿದ್ಯುತ್ ಯಂತ್ರಗಳು ಹೆಚ್ಚಾಗಿಲ್ಲದ ಹಳೆಯ ಜೀಪು ಲಾರಿಗಳು ಇಂಥ ಅಪಾಯದಿಂದ ಹೊಸ ಕಾರುಗಳಿಗಿಂತ ಸುಲಭವಾಗಿ ಚೇತರಿಸಿಕೊಳ್ಳುತ್ತವೆ.

ಕಾಗದ ಪತ್ರಗಳು

ಯಂತ್ರವು ಸುಸ್ಥಿತಿಯಲ್ಲಿದ್ದರೂ ಕಾಗದಪತ್ರಗಳು ಕೆಟ್ಟಿದ್ದರೆ ಬಂಡಿಯು ರಸ್ತೆಗೆ ಬರುವಂತಿಲ್ಲ. ಸ್ವಂತ ಉಪಯೋಗದ ಕಾರಿನ ನೋಂದಣಿಯು 15 ವರ್ಷಗಳವರೆಗೆ ನಡೆಯುತ್ತದೆ. ಅನಂತರ ತಪಾಸಣೆಗೆ ಒಪ್ಪಿಸಿ 5 ವರ್ಷಗಳಿಗೊಮ್ಮೆ ನವೀಕರಿಸತಕ್ಕದ್ದು. ಬಾಡಿಗೆಯ ಲಾರಿಗೆ 8 ವರ್ಷ ಮೀರಿದ ಮೇಲೆ ಪ್ರತಿವರ್ಷವೂ ಯೋಗ್ಯತಾಪತ್ರ ಬೇಕು. ನವೀಕರಣದ ಶುಲ್ಕವು ಇತ್ತೀಚಿನ ವರ್ಷಗಳಲ್ಲಿ ಏರಿರುವುದರಿಂದ, ಎಷ್ಟು ಬಂಡಿಗಳನ್ನು ಇಟ್ಟುಕೊಳ್ಳಬೇಕೆಂಬ ಲೆಕ್ಕದಲ್ಲಿ ಇದನ್ನೂ ಸೇರಿಸತಕ್ಕದ್ದು. 50 ವರ್ಷ ಮೀರಿ ಮೂಲರೂಪದಲ್ಲಿಯೇ ಉಳಿದಿರುವ ಸ್ವಂತ ಕಾರಿಗೆ 2021ರ ನಿಯಮಗಳಂತೆ 'ವಿಂಟೇಜ್' ನೋಂದಣಿಯನ್ನು ಪಡೆಯಬಹುದು. ಅದು 10 ವರ್ಷ ನಡೆಯುತ್ತದೆ. ಆದರೆ ಅಂಥ ಬಂಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಉಪಯೋಗಿಸುವಂತಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅವಿಭಕ್ತ ಕುಟುಂಬಗಳಲ್ಲಿ ಯಜಮಾನರು ಕಾಲವಾದ ಮೇಲೆ ಜಮೀನಿನ ಖಾತೆಯನ್ನು ಬದಲಿಸುತ್ತಾರೆ. ಬಂಡಿಯ ಪತ್ರವನ್ನು ಮಾತ್ರ ಯಾರೂ ನೆನೆಯುವುದಿಲ್ಲ. ವಾರಸುದಾರನು 30 ದಿನಗಳೊಳಗಾಗಿ ಸಾರಿಗೆ ಕಛೇರಿಗೆ ಮರಣದ ಸಂಗತಿಯನ್ನು ತಿಳಿಸಿ, ಮೂರು ತಿಂಗಳೊಳಗಾಗಿ ತನ್ನ ಹೆಸರಿಗೆ ಬದಲಾಯಿಸಿಕೊಳ್ಳಬೇಕೆಂದು ನಿಯಮವಿದೆ. ಹತ್ತು ವರ್ಷ ಬಿಟ್ಟರೆ ವಾರಸುದಾರರು ನಾಲ್ಕು ಊರುಗಳಲ್ಲಿ ಚದುರಿ, ಎಲ್ಲರ ಒಪ್ಪಿಗೆ ಸಿಕ್ಕುವುದೇ ಕಷ್ಟವಾಗುತ್ತದೆ. ಬಂಡಿಯನ್ನು ಓಡಿಸುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಹಿತ್ತಿಲಿನಲ್ಲಿ ಕೊಳೆಯುತ್ತಿರುವ ಬಂಡಿಯ ರೋಗವು ಇಂಜಿನಿನಲ್ಲಿಲ್ಲದೆ ಕಾಗದದಲ್ಲಿಯೇ ಇರುವುದುಂಟು. ಪಾಲುಪಟ್ಟಿಯನ್ನು ಬರೆಯುವಾಗ ದನಕರುಗಳಂತೆಯೇ ಬಂಡಿಗಳನ್ನೂ ಅವುಗಳ ಸಂಖ್ಯೆಯೊಡನೆ ನಮೂದಿಸಿ, ಯಾರಿಗೆ ಯಾವುದೆಂದು ಗೊತ್ತುಮಾಡುವಂತೆ ಮುಖಂಡರು ಬುದ್ಧಿಹೇಳತಕ್ಕದ್ದು.

ಬಂಡಿಗಳಿಂದ ಸಂತೋಷ

ಇಷ್ಟು ಶ್ರಮಪಟ್ಟು ಕಾಪಾಡಿದ ಬಂಡಿಯಿಂದ ಲಾಭವೇನೆಂದು ಕೇಳುವವರಿರಬಹುದು. ತುರ್ತಿನಲ್ಲಿ ಒದಗುವ ಲಾರಿಯ ಲಾಭವನ್ನು ವಿವರಿಸಬೇಕಾಗಿಲ್ಲ. ಸಂತೋಷದ ಲಾಭವೂ ಅಲ್ಪವಲ್ಲ. ಆಯುಧಪೂಜೆಯ ದಿವಸ ನಾಲ್ಕೂ ಬಂಡಿಗಳನ್ನು ತೊಳೆದು, ಸಾಲಾಗಿ ನಿಲ್ಲಿಸಿ, ಬಾಳೆಕಂದು ಚೆಂಡುಹೂಗಳಿಂದ ಅಲಂಕರಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಮುಂದಕ್ಕೆ ಉರುಳಿಸುವಾಗ ಮನೆಯ ಮಕ್ಕಳಿಗಾಗುವ ಆನಂದವನ್ನು ಕೊಂಡುತರುವುದು ಸಾಧ್ಯವಿಲ್ಲ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೇಕಾಯಿ ಪರಿಷೆಗೆ ಹಳೆಯ ಕಾರಿನಲ್ಲಿ ಹೊರಟರೆ, ದೂರದಲ್ಲಿ ನಿಲ್ಲಿಸಿ ನಡೆಯಬೇಕಾದರೂ ದಾರಿಯಲ್ಲಿ ಮೂರು ತಲೆಮಾರಿನವರಿಗೂ ಮಾತನಾಡುವುದಕ್ಕೆ ವಿಷಯ ಸಿಕ್ಕುತ್ತದೆ. ಆದರೆ ಲಾರಿಯ ತೊಟ್ಟಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೂ ವಿವೇಕಕ್ಕೂ ವಿರೋಧವೆಂಬುದನ್ನು ಮರೆಯಕೂಡದು.

ಮಕ್ಕಳಿಗೆ ಕೆಲಸವನ್ನು ಕಲಿಸುವುದು ಇನ್ನೂ ದೊಡ್ಡ ಲಾಭ. ಹೊಸ ಕಾರಿನ ಮುಚ್ಚಳವನ್ನೆತ್ತಿದರೆ ಕಾಣುವುದು ಪ್ಲಾಸ್ಟಿಕ್ಕಿನ ಹಲಗೆ ಮಾತ್ರ. ಅಂಬಾಸಡರಿನ ಮುಚ್ಚಳವನ್ನೆತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ. ಹನ್ನೆರಡು ವರ್ಷದ ಹುಡುಗನಾಗಲಿ ಹುಡುಗಿಯಾಗಲಿ ಎಣ್ಣೆಯ ಕಡ್ಡಿಯನ್ನು ನೋಡುವುದನ್ನೂ, ಗಾಳಿಯನ್ನು ಅಳೆಯುವುದನ್ನೂ, ಗ್ರೀಸು ತುಂಬುವುದನ್ನೂ ಕಲಿಯಬಹುದು. ಓಡಿಸುವುದು ಮಾತ್ರ 18 ವರ್ಷ ತುಂಬಿ ಪರವಾನಗಿ ಪಡೆದ ಮೇಲೆ. ಅದಕ್ಕೆ ಮುಂಚೆ ರಸ್ತೆಗೆ ಬಿಟ್ಟರೆ 2019ರ ತಿದ್ದುಪಡಿಯಂತೆ ಪೋಷಕರೇ ಶಿಕ್ಷೆಗೆ ಗುರಿಯಾಗುತ್ತಾರೆ.

ಪ್ರತಿಯೊಂದು ಬಂಡಿಗೂ ಒಂದೊಂದು ಪುಸ್ತಕವಿರಲಿ. ಎಣ್ಣೆ ಬದಲಿಸಿದ ದಿನ, ಓಡಿದ ಕಿಲೋಮೀಟರು, ಕೊಂಡ ಭಾಗ, ಕೊಟ್ಟ ಹಣ, ಇವುಗಳನ್ನು ಅದರಲ್ಲಿ ಬರೆಯತಕ್ಕದ್ದು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಯಾವ ಭಾಗ ದೊರೆಯಿತು, ಯಾವ ಮಿಸ್ತ್ರಿಗೆ ಯಾವ ಕೆಲಸ ಗೊತ್ತು ಎಂಬುದನ್ನೂ ಬರೆದಿಡತಕ್ಕದ್ದು. ಕಾರ್ಬ್ಯುರೇಟರನ್ನು ಬಲ್ಲ ಹಳೆಯ ಮಿಸ್ತ್ರಿಗಳು ದಿನೇ ದಿನೇ ಕಡಿಮೆಯಾಗುತ್ತಿರುವುದರಿಂದ, ಅವರು ಇರುವಾಗಲೇ ಪಕ್ಕದಲ್ಲಿ ನಿಂತು ಕಲಿತು ಬರೆದುಕೊಂಡುದು ಮುಂದೆ ಬಂಡಿಗಿಂತಲೂ ಬೆಲೆಯುಳ್ಳ ಆಸ್ತಿಯಾಗುತ್ತದೆ.

ಸಾರಾಂಶ

ಮೇಲೆ ಹೇಳಿದುದನ್ನು ಸಂಗ್ರಹವಾಗಿ ಹೀಗೆ ನೆನಪಿಡಬಹುದು. ವಾರಕ್ಕೊಮ್ಮೆ: ಎಣ್ಣೆ, ನೀರು, ಗಾಳಿಗಳನ್ನು ನೋಡಿ 15ರಿಂದ 20 ಕಿಲೋಮೀಟರು ಓಡಿಸುವುದು. ತಿಂಗಳಿಗೊಮ್ಮೆ: ಬ್ಯಾಟರಿಯನ್ನೂ ಡೀಸೆಲ್ ಸೋಸುಕವನ್ನೂ ನೋಡಿ, ಕೀಲುಗಳಿಗೆ ಗ್ರೀಸು ತುಂಬುವುದು. ಮುಂಗಾರಿಗೆ ಮುಂಚೆ: ಟಯರು, ಬ್ರೇಕು, ಗಾಜು ಒರೆಸುವ ಕಡ್ಡಿಗಳನ್ನು ಪರೀಕ್ಷಿಸಿ, ತಳದ ತುಕ್ಕನ್ನು ಕೆರೆದು ಬಣ್ಣ ಬಳಿಯುವುದು, ಕೆರೆಯ ಕೆಳಗಿನ ಮನೆಯವರು ಬಂಡಿಗಳಿಗೆ ಎತ್ತರದ ಜಾಗವನ್ನು ಗೊತ್ತುಮಾಡಿಕೊಳ್ಳುವುದು. ಆಯುಧಪೂಜೆಗೆ ಮುಂಚೆ: ಎಣ್ಣೆಯನ್ನು ಬದಲಿಸುವುದು. ಯುಗಾದಿಯ ಹೊತ್ತಿಗೆ: ವಿಮೆ, ಹೊಗೆಯ ತಪಾಸಣೆ, ನೋಂದಣಿಗಳ ದಿನಾಂಕಗಳನ್ನು ನೋಡಿಕೊಳ್ಳುವುದು.

ಓಡಿಸಬಲ್ಲಷ್ಟನ್ನೇ ಇಟ್ಟುಕೊಳ್ಳಿರಿ; ಇಟ್ಟುಕೊಂಡದ್ದನ್ನು ತಪ್ಪದೆ ಓಡಿಸಿರಿ. ದುಡಿದು ಸವೆದ ಬಂಡಿಯನ್ನು ರಿಪೇರಿ ಮಾಡಬಹುದು. ನಿಂತು ಕೊಳೆತ ಬಂಡಿಯನ್ನು ಮತ್ತೆ ಎಬ್ಬಿಸುವುದು ಬಹಳ ಕಷ್ಟ. ಹೊಲವು ಕೈಬಿಟ್ಟ ಮನೆಗಳಲ್ಲಿಯೂ, ಇನ್ನೂ ಹೊಲವುಳ್ಳ ಭಾಗ್ಯವಂತರ ಮನೆಗಳಲ್ಲಿಯೂ, ಅನ್ನಕ್ಕೆ ಹೆಗಲುಕೊಟ್ಟ ಈ ಬಂಡಿಗಳಿಗೆ ವಾರದಲ್ಲಿ ಒಂದು ಗಂಟೆಯ ಹೊತ್ತನ್ನು ಮೀಸಲಿಡಬೇಕೆಂದು ವಾಚಕ ಮಹಾಶಯರಲ್ಲಿ ಅರಿಕೆ.